ನೀರು ಬಿಡುವವನ ಐತವಾರ

ವಾರದಾಗ ಆರು ದಿನ ನಾನು ನೀರು ಬಿಡತೀನಿ.
ಎದಿ ಮಟ ಬರೋ ಕಬ್ಬಿಣದ ಕೀಲಿ ಹೆಗಲಿಗೆ ಹಾಕ್ಕೊಂಡು
ನಸುಕಿನಾಗ ಒಂದು ಓಣಿ, ಹೊತ್ತೇರಿದ ಮ್ಯಾಲ ಇನ್ನೊಂದು.
"ನೀರು ಬಂತು" ಅಂತಾರ ಮಂದಿ,
"ಇರಸಂಗಪ್ಪ ಬಿಟ್ಟ" ಅನ್ನೋದಿಲ್ಲ.
ಬರಲಾರದ ದಿನ ಮಾತ್ರ ಹೆಸರು ಹಿಡದು ಬೈತಾರ.

ಇವತ್ತು ಐತವಾರ. ಕೀಲಿ ಬಾಗಿಲ ಹಿಂದ.
ಟಂಟಂ ಹತ್ತಿ ಬೇಗಂ ತಲಾಬಿಗೆ ಹೊಂಟ್ವಿ:
ಸುಗಲಾ, ರಾಚು, ನೀಲಗಂಗಾ ಕಾಕು, ಆಕಿ ಮೊಣಕಾಲು,
ಒಂದ ಚಪ್ಪಲಿ ಹಾಕ್ಕೊಂಡು ಬಂದ ಪರಸು.
ಇನ್ನೊಂದು ಎಲ್ಲಿ ಅಂದ್ರ ನಗತಾನ.
ಕೀಲಿ ಕೂಡೋ ಜಾಗಾದಾಗ ಅವನ್ನ ಕೂಡಿಸಿಕೊಂಡೆ.
ಕೀಲಿಗಿಂತ ಭಾರ, ಮ್ಯಾಲ ಕಾಲು ಬ್ಯಾರೆ ಒದೀತದ.

ಏರಿ ಮ್ಯಾಲ ಗಾಳಿ. ಬೇವಿನ ಹಣ್ಣು ತುಳದು ಅಂಗಾಲು ಅಂಟಂಟು.
ಸೈಕಲ್ ಕಲಿಯೋ ಹುಡುಗನ ಹಿಂದ ಅವರಪ್ಪ ಓಡತಿದ್ದ,
ಕೈ ಬಿಟ್ಟಾನೋ ಹಿಡದಾನೋ ಅವಗ ಗೊತ್ತಿರಲಿಲ್ಲ.
ಎರಡನೇ ಬೆಂಚಿಗೇ ಕಾಕು ಕುಂತಳು:
"ನೀವು ನಡೀರಿ. ಕೆರಿ ದುಂಡಗದ,
ತಿರುಗಿ ನನ್ನ ಹಂತೇಕ ಬರತೀರಿ."

"ಬೇಗಂ ಅಂದ್ರ ಯಾರಪ್ಪಾ?"
"ರಾಣಿ. ಆಕಿ ನೆನಪಿಗೆ ಸುಲ್ತಾನ ಕೆರಿ ಕಟ್ಟಿಸಿದ."
ಸುಗಲಾ ನನ್ನ ಕಡೆ ನೋಡಿದಳು.
ನಾನು ನೀರುಕೋಳಿ ಕಡೆ ನೋಡಿದೆ.

ಆಮ್ಯಾಲ ನನಗ ಗೊತ್ತಿದ್ದದ್ದು ಹೇಳಿದೆ:
ಇಲ್ಲಿಂದ ಊರೊಳಗ ನೆಲದ ಬುಡಕ ಸುಟ್ಟ ಮಣ್ಣಿನ ಕೊಳವಿ,
ನೀರಿನ ಸಿಟ್ಟು ಇಳಸಾಕ ನಡನಡುವ ಗಂಜ್, ಕಲ್ಲಿನ ಗೋಪುರ.
"ನೀರಿಗೂ ಸಿಟ್ಟು ಬರತದ?"
"ಒತ್ತಿ ಒತ್ತಿ ಕಳಸಿದ್ರ ಯಾರಿಗರೆ ಬರತದ."
ಇದನ್ನ ಹೇಳಿದ್ದು ಸುಗಲಾ.

ಕೆರಿ ಅರ್ಧ ಸುತ್ತಿರಬೇಕು, ರಾಚು ನಿಂತಳು.
"ಆವಾಗ ನೀರು ಯಾರು ಬಿಡತಿದ್ದರು?"

ಇಪ್ಪತ್ತೆರಡು ವರ್ಷ ವಾಲ್ ತಿರುವೀನಿ,
ಈ ಮಾತು ನನಗ ಹೊಳದಿರಲಿಲ್ಲ.
ಸುಲ್ತಾನನ ಹೆಸರದ, ಬೇಗಂನ ಹೆಸರದ.
ಒಬ್ಬಾಂವ ಇದ್ದೇ ಇರಬೇಕಲ್ಲ,
ನಸುಕಿನಾಗ ಎದ್ದು, ಕೈಗೆ ರಾಡಿ ಹತ್ತಿಸಿಕೊಂಡು,
ಯಾವುದೋ ಓಣ್ಯಾಗ ದಖನಿಯಾಗೋ ಕನ್ನಡದಾಗೋ ಬೈಸಿಕೊಂಡು
ಆರಿದ ರೊಟ್ಟಿಗೆ ಮನಿಗೆ ಬರತಿದ್ದಾಂವ.
"ಗೊತ್ತಿಲ್ಲವಾ" ಅಂದೆ.
ಪರಸು ನನ್ನ ಕಿವಿ ಹಿಡದು, ವಾಲ್ ಹಂಗ, ತಿರುವಿದ.

ಚುರುಮರಿ ತಿಂದ ಪೊಟ್ಟಣ ಬಿಚ್ಚಿ ರಾಚು ದೋಣಿ ಮಡಚಿದಳು.
ಎಣ್ಣಿ ಕಾಗದ, ಚಲೋ ತೇಲ್ತು.
"ಕೊಳವಿಯಾಗ ಹಾದು ನಮ್ಮ ನಳಕ್ಕ ಬರತದ."
ಆ ಕೊಳವಿ ಎಂದೋ ಒಡದಾವು, ನಮ್ಮ ನಳದ್ದು ಹೊಳಿ ನೀರು,
ಅನ್ನಾಕ ಬಾಯಿ ತೆಗದೆ.
ಸುಗಲಾ ನನ್ನ ಬಾಯಾಗ ಶೇಂಗಾ ಇಟ್ಟಳು.

ವಾಪಸ್ ಬರೋವಾಗ ಒಂದು ಗಂಜ್ ಹಂತೇಕ ಟಂಟಂ ನಿಲ್ಲಿಸಿದ್ವಿ.
ಅದರ ನೆರಳಿಗೆ ಎರಡು ಆಡು,
ಯಾರದೋ ಮನ್ಯಾಗಿನ ಕುಕ್ಕರ್ ಸೀಟಿ.
ಕಾಕು ಕುಂತಲ್ಲೇ ಕೈ ಮುಗದಳು.
"ಗುಡಿ ಅಲ್ಲ ಕಾಕು."
"ಗೊತ್ತದೋ. ನೀರಲ್ಲೇನು?"

ರಾತ್ರಿ ಉಂಡು ಹೊರಗ ಬಂದ್ರ
ರಾಚು ನಳ ತಿರುವಿ ಕುಂತಾಳ.
ನಮ್ಮ ಪಾಳಿ ಮಂಗಳವಾರ.
ನಳ ಒಮ್ಮೆ ಉಸಿರು ಎಳಕೊಂಡು ಕೆಮ್ಮಿತು.
"ಬರಾಕತ್ತದ!"

ಆ ಕೆಮ್ಮು ನನಗ ಗೊತ್ತು. ಬರೀ ಗಾಳಿ.
"ಹೂಂ" ಅಂದೆ.
ದೋಣಿ ಜೋರ ಬೀಳಬಾರದಂತ
ನಳದ ಕೆಳಗ ನನ್ನ ಟವೆಲ್ ಮಡಚಿ ಇಟ್ಟಿದ್ದಳು.

ನಸುಕಿನಾಗ ಕೀಲಿ ಹೊತ್ತು ಹೊಂಟಾಗ ನೋಡಿದೆ,
ಟವೆಲ್ ಅಲ್ಲೇ ಇತ್ತು, ಒಣಗಿದ್ದು.
ತಗೊಳ್ಳಲಿಲ್ಲ. ಬರೀ ಹೆಗಲಿಗೇ ಕೀಲಿ ಇಟಗೊಂಡೆ.