ಶೆಫೀಲ್ಡಿನ ಚಿಮಟ

ನೀಲಮ್ಮತ್ತೆಯ ಚಿಮಟದ ಬೆನ್ನ ಮೇಲೆ
ಸಣ್ಣ ಇಂಗ್ಲಿಷ್ ಅಕ್ಷರ: ಶೆಫೀಲ್ಡ್.
ಊರಿನ ಹೆಸರೆಂದು ಗೊತ್ತಿರಲಿಲ್ಲ ನನಗೆ,
ಚಿಮಟಕ್ಕೇ ಹಾಗನ್ನುತ್ತಾರೆ ಅಂದುಕೊಂಡಿದ್ದೆ.
ಅಜ್ಜನ ಕ್ಷೌರದ ಪೆಟ್ಟಿಗೆಯಿಂದ ಕದ್ದದ್ದಿರಬೇಕು.

ಬೆಟಗೇರಿಯ ಮಗ್ಗಗಳು ಸದ್ದು ಮಾಡುವ ಮೊದಲೇ ಎದ್ದು
ಬಚ್ಚಲ ಕದ ಹಾಕಿಕೊಂಡು
ಚಿಮಣಿಯ ಬೆಳಕಿಗೆ ಗದ್ದ ಎತ್ತಿ
ಒಂದೊಂದೇ ಕೀಳುತ್ತಿದ್ದಳು.
ಕಿಂಡಿಯಲ್ಲಿ ನನ್ನ ಕಣ್ಣು ಕಂಡ ದಿನ
"ಯಾರ ಮುಂದೂ ಆಡಬ್ಯಾಡ" ಅಂದು
ಕೈಗೊಂದು ಬೆಲ್ಲದ ಹೆಂಟೆ ಇಟ್ಟಳು.
ಮೂವತ್ತು ವರ್ಷ ಆಡಲಿಲ್ಲ. ಬೆಲ್ಲದ ಋಣ.

ಈಗ ಅದೇ ಶೆಫೀಲ್ಡಿನ ಟ್ರಾಮಿನಲ್ಲಿ
ಟಿಕೆಟ್ ಹರಿಯುವ ಕೆಲಸ ನನ್ನದು.
ಏರು, ಇಳಿಜಾರು, ಮತ್ತೆ ಏರು.
ಎರಡು ನಿಮಿಷ ತಡವಾದರೆ ಜನ ಗಡಿಯಾರ ನೋಡುತ್ತಾರೆ.
ನನ್ನ ಮುಟ್ಟು ಮಾತ್ರ ಮೂರು ತಿಂಗಳಿಗೊಮ್ಮೆ, ಒಮ್ಮೊಮ್ಮೆ ಐದು,
ಸಾಲ ಕೇಳಲು ಬರುವ ನೆಂಟನಂತೆ
ಹೇಳದೆ ಕೇಳದೆ ಬಂದು ಹದಿನೈದು ದಿನ ಕೂತುಬಿಡುತ್ತದೆ.

ಹೊಟ್ಟೆಯ ಮೇಲೆ ತಣ್ಣನೆ ಲೋಳೆ ಸವರಿ
ಸ್ಕ್ಯಾನ್ ಮಾಡುವ ಮಾವಿಸ್ ಪರದೆ ತಿರುಗಿಸಿದಳು:
ಅಂಡಾಶಯದ ಅಂಚಿಗೆ ಕಪ್ಪು ಕಪ್ಪು ಕಾಳು.
"ಮುತ್ತಿನ ಸರದ ಹಾಗೆ, ಅಲ್ಲವಾ?"
ನಮ್ಮ ಮನೆಯ ಮುತ್ತಿನ ಸರ ದೊಡ್ಡಪ್ಪನ ಸೊಸೆಯ ಪಾಲಾಯಿತು,
ಅಂತೂ ನನಗೂ ಒಂದು ಸಿಕ್ಕಿತಲ್ಲ ಎಂದು ನಗು ಬಂತು.
ಯಾಕೆಂದು ತಿಳಿಯದೆ ಅವಳೂ ನಕ್ಕಳು.

ಫಾರಮ್ಮಿನಲ್ಲಿ ಪ್ರಶ್ನೆ:
ತಾಯಿಗೆ ಇತ್ತೇ? ಅಕ್ಕತಂಗಿಯರಿಗೆ?
ನಮ್ಮವ್ವ ಹುಣ್ಣಿಮೆ ತಪ್ಪಿದರೂ ತಾನು ತಪ್ಪದವಳು,
ಐದು ಹೆತ್ತು ಆರನೆಯದಕ್ಕೆ ಸಾಕು ಅಂದವಳು.
ಇಲ್ಲ, ಇಲ್ಲ ಎಂದು ಗೀಟು ಹಾಕಿದೆ.
ಡಾಕ್ಟರ್ ಹಾರ್ಗ್ರೀವ್ಸ್ ಕನ್ನಡಕ ಇಳಿಸಿ ಕೇಳಿದಳು:
"ಅಪ್ಪನ ಕಡೆ?"
ಅದಕ್ಕೆ ಫಾರಮ್ಮಿನಲ್ಲಿ ಜಾಗವೇ ಇರಲಿಲ್ಲ.
ಅಂಚಿನಲ್ಲಿ ಅವಳೇ ಬರೆದುಕೊಂಡಳು.

ಅಪ್ಪ: ಇಪ್ಪತ್ತಾರಕ್ಕೆ ಬೋಳು,
ಮದುವೆ ಫೋಟೋದಲ್ಲಿ ಪೇಟ ಹುಬ್ಬಿನ ತನಕ ಇಳಿದಿದೆ.
ನಲವತ್ತಕ್ಕೆ ಸಕ್ಕರೆ ಕಾಯಿಲೆ.
ಅಪ್ಪನ ತಂಗಿ: ಗದ್ದ.
ಅಪ್ಪನ ತಂಗಿ: ಬಂಜೆ ಎಂದು ಏಳನೆಯ ವರ್ಷ
ಟ್ರಂಕಿನ ಸಮೇತ ಬಸ್ಸು ಹತ್ತಿಸಿದರು.

ಒಂದೇ ಜೀನಿನ ಕೆಲಸವಲ್ಲ ಇದು, ಅಂದಳು ಡಾಕ್ಟರ್,
ಹತ್ತಿಪ್ಪತ್ತು ಕಡೆ ಚೂರು ಚೂರು ಭಾರ,
ಅಮ್ಮನಿಂದಷ್ಟು, ಅಪ್ಪನಿಂದಷ್ಟು,
ಗಂಡಸರಲ್ಲಿ ಸದ್ದಿಲ್ಲದೆ ಹಾದು ಬರಬಹುದು.
ಯಾರಿಂದ ಬಂತು ಅಂತ ಬೆರಳು ಮಾಡಲಾಗದು.
ನಾನು ನೇಕಾರರ ಮಗಳು, ಇಷ್ಟು ಅರ್ಥವಾಗುತ್ತದೆ:
ಬಣ್ಣ ಬಿಡುವ ಎಳೆ ಯಾವುದೆಂದು
ಉಟ್ಟ ಸೀರೆ ಬಿಚ್ಚಿ ಹುಡುಕುವ ಹಾಗಿಲ್ಲ.
"ಮಗಳಿಗೆ?" ಅಂದೆ.
"ಬರಬಹುದು. ಬಾರದೆಯೂ ಇರಬಹುದು."

ಹನ್ನೊಂದರ ಮಗಳು ಬಚ್ಚಲ ಬಾಗಿಲಲ್ಲಿ ನಿಂತು
ಹಲ್ಲುಜ್ಜುತ್ತ ನೋಡುತ್ತಾಳೆ ನನ್ನ ಗದ್ದ.
ನೋವಾಗುತ್ತಾ?
ಕಣ್ಣಲ್ಲಿ ನೀರು ಬರುತ್ತೆ, ಅಷ್ಟೇ.
ಮೇಲ್ದುಟಿಯ ಹತ್ತಿರ ಹೆಚ್ಚು, ಅಂದೆ.
ಕದ ಹಾಕಿಲ್ಲ. ಬೆಲ್ಲವನ್ನೂ ಕೊಟ್ಟಿಲ್ಲ.

ಭಾನುವಾರ ಅತ್ತೆಗೆ ಫೋನು ಮಾಡಿ
ಜೀನು, ಹಾರ್ಮೋನು, ಮುತ್ತಿನ ಸರ
ನನಗೆ ತಿಳಿದಷ್ಟು ಎಲ್ಲ ಹೇಳಿದೆ.
ಆ ಕಡೆ ಉಸಿರಿನ ಸದ್ದಷ್ಟೇ. ಲೈನು ಹೋಯಿತೇನೋ ಅಂದುಕೊಂಡೆ.
"ಹಂಗಾರ ನಾ ಹಾವು ಕೊಂದಿಲ್ಲನ್ನು?
ಹಿಂದಿನ ಜನ್ಮದಾಗ ಕೊಂದೀನಿ ಅಂತಿದ್ರು ಎಲ್ಲಾರೂ.
ನಲವತ್ತು ವರ್ಷ ಹುತ್ತಕ್ಕ ಹಾಲು ಹಾಕೀನಿ."
ಇಲ್ಲ ಅತ್ತಿ, ಕೊಂದಿಲ್ಲ.
"ಹಾವು ಹಾಲು ಕುಡೀತಿತ್ತೋ ಇಲ್ಲೋ, ಅದೂ ಗೊತ್ತಿಲ್ಲ ಬಿಡು."

ಗಂಟಲು ಸರಿ ಮಾಡಿಕೊಂಡಳು. ಸಂತೆಯ ದನಿಗೆ ಬಂದಳು.
"ನೀ ಇರೋ ಊರಾಗ ಚಿಮಟ ಚಲೋ ಸಿಗತಾವಂತಲ್ಲ,
ಇದರ ಬಾಯಿ ಸವದೈತಿ.
ಬರೋ ಮುಂದ ಒಂದು ತಾ.
ಎರಡ ತಾ."