ಇನ್ನೂ ಹನ್ನೆರಡು ದಿನ

ಹೋದದ್ದು ವೆಲ್ಡಿಂಗ್ ಮಿಷನ್ನಿಗೆ.
ಕೊಂಡದ್ದು ದೋಣಿ.
ಹನ್ನೊಂದು ಸಾವಿರ. ಹರಾಜಿನಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ;
ಅದು ಒಳ್ಳೆಯ ಶಕುನವೋ ಕೆಟ್ಟದ್ದೋ
ಕೇಳೋಣವೆಂದರೆ ಅಲ್ಲಿ ತಿಳಿದವರಿರಲಿಲ್ಲ.

ಹಲಸೂರಿನ ಗೋದಾಮಿನಿಂದ
ಟಾಟಾ ಏಸಿನ ಬೆನ್ನ ಮೇಲೆ ಬೋರಲಾಗಿ,
ಹೊರಚಾಚಿದ ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿಕೊಂಡು
ಲಿಂಗರಾಜಪುರದ ಫ್ಲೈಓವರ್ ಹತ್ತಿತು ನಮ್ಮ ಹಾಯಿದೋಣಿ.
ನೀರಿಗಿಂತ ಮೊದಲು ಅದಕ್ಕೆ ಸಿಕ್ಕಿದ್ದು ಸಿಗ್ನಲ್ಲು.
ಪಕ್ಕದ ಸ್ಕೂಟರಿನವನು ಹೆಲ್ಮೆಟ್ಟಿನ ಗಾಜೆತ್ತಿ
"ಮಳೆಗಾಲಕ್ಕೆ ಈಗಲೇ ತಯಾರಿಯಾ ಅಕ್ಕಾ?" ಅಂದ.
ಫೆಬ್ರವರಿ. ನಗಬೇಕಾಯಿತು.

ನನಗೆ ಈಜು ಬರದು.
ಮುನಿವೆಂಕಟನಿಗೆ ಬರುತ್ತದಂತೆ, ಬಾವಿಯಲ್ಲಿ ಕಲಿತದ್ದು;
ಆ ಬಾವಿ ಈಗ ಇಲ್ಲ, ಸಾಕ್ಷಿಯೂ ಇಲ್ಲ.
ಅವನದು ಆಟೋಗಳ ಡೆಂಟು ತೆಗೆಯುವ ಕೆಲಸ,
ನನ್ನದು ರವಿಕೆ, ಫಾಲು, ಜಿಗ್‌ಜ್ಯಾಗು.
ಮೈ ಅವನಿಗೆ, ಹಾಯಿ ನನಗೆ,
ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಂಡೆವು.

ಕಲ್ಕೆರೆಯಲ್ಲಿ ನಮ್ಮ ಪಕ್ಕದ ಖಾಲಿ ಸೈಟು,
ನಾಲ್ಕು ಹಳೇ ಟೈರು, ಮಾಲೀಕರ ಬಾಯಿಮಾತಿನ ಒಪ್ಪಿಗೆ.
ಮೊದಲ ಭಾನುವಾರವೇ ಅವನು ಪುಟ್ಟಿ ಕಲಸಿದ.
ಬಿರುಕಿಗೆ ಮೆತ್ತು, ಉಜ್ಜು, ಬಣ್ಣ ಹೊಡಿ,
ಯುಗಾದಿಗೆ ನೀರಿಗಿಳಿಸು:
ಆಟೋ ಆಗಿದ್ದರೆ ಸರಿಯಾದ ಲೆಕ್ಕ.

ಅರುಳಪ್ಪನವರು ಬಂದರು,
ದೋಣಿ ಬಡಗಿ, ಎಪ್ಪತ್ತೆಂಟು, ಎಡಗಣ್ಣಿಗೆ ಪೊರೆ.
ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋದರು,
ಗಾಡಿಯವನು ಹಲಸಿನಹಣ್ಣು ತಟ್ಟುವ ಹಾಗೆ.
ಟಕ್. ಟಕ್. ಟಕ್. ಟಕ್.
ದುಬ್.
ಅಲ್ಲಿ ನಿಂತರು.
ಬೆಳಿಗ್ಗೆಯ ಪುಟ್ಟಿಯ ಪಕ್ಕದಲ್ಲೇ ಹೆಬ್ಬೆರಳು ಒತ್ತಿದರು;
ಚಹಾದಲ್ಲಿ ನೆನೆದ ರಸ್ಕಿನೊಳಗೆಂಬಂತೆ ಒಳಗಿಳಿಯಿತು.
ಮುನಿವೆಂಕಟ ಬೇರೆ ಕಡೆ ನೋಡಿದ.

"ಇಷ್ಟು ವರ್ಷ ನೀರು ಕುಡಿದಿದೆ, ಬಿಡಲಿ.
ಮುಚ್ಚಳ ಎಲ್ಲಾ ತೆಗಿ. ಟಾರ್ಪಾಲು ಮೈಗೆ ತಾಗದ ಹಾಗೆ ಎತ್ತರಕ್ಕೆ ಕಟ್ಟು.
ಒಂದು ತಿಂಗಳು ಏನೂ ಮಾಡಬೇಡ."
"ಏನೂ?"
"ಪುಟ್ಟಿ ಕಿತ್ತು ಹಾಕು. ಆಮೇಲೆ ಏನೂ."

ಏನೂ ಮಾಡದೆ ಇರಲು ಬರುವ ಗಂಡಸಲ್ಲ ಅವನು.
ದಿನಾ ಸಂಜೆ ಹೋಗಿ ತಟ್ಟಿ ಬಂದ.
ಮನೆಯ ಬಾಗಿಲು ತಟ್ಟಿದ, ನನ್ನ ಮಿಷನ್ನಿನ ಹಲಗೆ ತಟ್ಟಿದ,
ರಾತ್ರಿ ಮಂಚದ ಕಾಲನ್ನೂ.
"ಇದು ಗಟ್ಟಿ," ಅಂದ ಕತ್ತಲಲ್ಲಿ.

ನಾನು ಹಾಯಿ ಬಿಡಿಸಿದೆ.
ನಡುಮನೆ ಸಾಲಲಿಲ್ಲ;
ಅಡುಗೆಮನೆಯೊಳಗೆ ನುಗ್ಗಿ
ಸಿಲಿಂಡರಿಗೆ ಮೂಗು ತಾಗಿಸಿ ಮಲಗಿತು,
ಇಲಿ, ನುಸಿಗುಳಿಗೆ, ಹಳೇ ಕೆರೆಯ ವಾಸನೆ.
ನಡುವೆ ಒಂದು ತೇಪೆ. ಯಾರೋ ಹೊಲಿದದ್ದು:
ಹತ್ತಿ ದಾರ, ರವಿಕೆಯ ಸೂಜಿ, ಅವಸರ.
ಮೂರನೇ ಬದಿಯಲ್ಲಿ ಉಂಡೆ ಮುಗಿದಿರಬೇಕು,
ಬಿಳಿ ದಾರ ಹೋಗಿ ನಸುನೀಲಿ.
ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ.
ಗಿರಾಕಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುವಾಗ
ನಾನೂ ಹಾಗೇ ಮಾಡಿದ್ದೇನೆ,
ಯಾವ ಮದುವೆ ಅಂತ ಹೇಳುವುದಿಲ್ಲ.

ಬ್ಲೇಡಿನ ಮೂಲೆಯಿಂದ ಒಂದೊಂದೇ ಬಿಚ್ಚಿದೆ,
ಮೂರು ರಾತ್ರಿ.
ದಾರ ಬಂತು. ತೂತುಗಳು ಉಳಿದವು
ಇರುವೆ ಸಾಲಿನ ಹಾಗೆ.
ಹೊಲಿಯುವುದು ಇನ್ನೂ ದೂರ; ನೈಲಾನ್ ದಾರ
ಯಾವ ನಂಬರಿನದ್ದು ಅಂತಲೇ ಗೊತ್ತಿಲ್ಲ.

ತೊಳೆದೆ. ತಾರಸಿಯ ಹಗ್ಗಕ್ಕೆ ಹತ್ತು ಕ್ಲಿಪ್ಪು ಹಾಕಿ ಹರವಿದೆ.
ನಾಲ್ಕು ಗಂಟೆಗೆ ಕೆರೆಯ ಕಡೆಯಿಂದ ಗಾಳಿ,
ದಿನಾ ಬರುವುದೇ, ಧೂಳು, ಯಾರದೋ ಮನೆಯ ಒಗ್ಗರಣೆ.
ಸೀರೆಗೆ ಹಾಗೆ ಮಾಡಿದ್ದನ್ನು ಎಂದೂ ಕಂಡಿರಲಿಲ್ಲ.
ಹಾಯಿ ಒಂದೇ ಸಲ ಉಬ್ಬಿತು,
ಕ್ಲಿಪ್ಪುಗಳು ಪಕ್ಕದ ಮನೆಗೆ ಹಾರಿದವು,
ಗೋಡೆಯ ಕೊಕ್ಕೆ ಗಾರೆಸಮೇತ ಕಿತ್ತುಬಂತು.
ಇಬ್ಬರೂ ಓಡಿ, ತುದಿ ಹಿಡಿದು ಕೆಡವಿ
ಅದರ ಮೇಲೆ ಕುಳಿತೆವು, ಏದುತ್ತ.
ನಮ್ಮಡಿಯಲ್ಲಿ ಅದು ಇನ್ನೂ ಏಳಲು ನೋಡುತ್ತಿತ್ತು.

ಕೆಳಗೆ ಟಾರ್ಪಾಲು. ಅದರಡಿ ದೋಣಿ ಬೋರಲಾಗಿ,
ಇನ್ನೂ ಹನ್ನೆರಡು ದಿನ ಬಾಕಿ.

ಮುನಿವೆಂಕಟ ಕೊಕ್ಕೆಯನ್ನು ತಿರುಗಿಸಿ ನೋಡಿದ.
ಜೇಬಿನಿಂದ ಪುಸ್ತಕ ತೆಗೆದು ಬರೆದ:
ಸಿಮೆಂಟು, ಎರಡು ಕೆಜಿ.
ಮನೆಯ ಖರ್ಚಿನ ಪುಟದಲ್ಲಲ್ಲ,
ದೋಣಿಯದ್ದರಲ್ಲಿ.