ಅರ್ಧ ಸುತ್ತು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆದು
ಬಂಗಡೆ ವಾಸನೆ ಹೊತ್ತು ಕೋಡಿಬಾಗಕ್ಕೆ ಬಂದರೆ
ಶವರಿನಿಂದ ನೀರಲ್ಲ, ನೂಲು.
ತಲೆಯ ಸೋಪು ಕಿವಿ ಇಳಿಯುವಷ್ಟರಲ್ಲಿ
ಗೋವೆಯ ರೈಲು ಸೇತುವೆ ದಾಟಿರುತ್ತಿತ್ತು.

ಗುನಗಿ ಬಂದ. ಶವರಿನ ಮೂತಿ ಬಿಚ್ಚಿ
ಅಂಗೈಗೆ ತಟ್ಟಿದ:
ಸುಣ್ಣದ ಹರಳು, ತುಕ್ಕು, ಒಂದು ಇರುವೆಯ ಕಾಲು.
“ರಾತ್ರಿಯಿಡೀ ಹುಳಿಯಲ್ಲಿ ಮುಳುಗಿಸಿಡಿ.”

ಕೆಳಗಿನ ಮನೆಯ ಎಸ್ಪೆರಾನ್ಸ್‌ಬಾಯಿ
ಮೀನಿನ ಉಪ್ಪಿನಕಾಯಿಗೆ ಎತ್ತಿಟ್ಟ ಸೇಂದಿ ವಿನೆಗರ್ ಕೊಟ್ಟರು.
ಬೆಳಗ್ಗೆ ಸೂಜಿ ಹಿಡಿದು ಒಂದೊಂದೇ ಕಣ್ಣು ಬಿಡಿಸಿದೆ,
ಅರವತ್ತೆರಡು.
ನಲ್ಲಿ ತಿರುಗಿಸಿದರೆ
ಅದೇ ನೂಲು, ಅರವತ್ತೆರಡು ಎಳೆಯಾಗಿ.

ಗುನಗಿ ಟೆರೇಸು ಹತ್ತಿದ. ಟ್ಯಾಂಕಿನ ಬುಡದಲ್ಲಿ
ಗೇಟ್ ವಾಲ್ವ್ ಅರ್ಧ ಮುಚ್ಚಿತ್ತು.
“ಯಾರು ತಿರುಗಿಸಿದ್ದು?”
ಮೆಟ್ಟಿಲ ಕೆಳಗಿಂದ ಎಸ್ಪೆರಾನ್ಸ್‌ಬಾಯಿ:
“ಹೋದ ಮೇ ತಿಂಗಳು ಬಾವಿ ಉಪ್ಪಾಗಿತ್ತಲ್ಲ,
ನಾನೇ ಮಾರಾಯ್ತಿ. ಮರೆತೇಬಿಟ್ಟೆ.”

ಆ ಸಂಜೆ ನೀರು ಬೆನ್ನಿಗೆ ಗುದ್ದಿತು.
ನಕ್ಕೆ. ನಾಲಿಗೆಗೆ ತಾಗಿತು,
ಇನ್ನೂ ಹುಳಿ.

ಈಗ ಏಪ್ರಿಲ್. ಬಾವಿಯ ಹಗ್ಗಕ್ಕೆ
ಇನ್ನೊಂದು ಮೊಳ ಗಂಟು ಹಾಕಿದ್ದಾರೆ ಬಾಯಿ,
ನನಗೇನೂ ಹೇಳಿಲ್ಲ.
ನಿನ್ನೆ ರಾತ್ರಿ ಚಪ್ಪಲಿ ಸದ್ದಾಗದಂತೆ ಬರಿಗಾಲಲ್ಲಿ
ಟೆರೇಸಿಗೆ ಹೋಗಿ
ಕಾಲು ಸುತ್ತು ತಿರುಗಿಸಿ ಬಂದೆ.